ಅರ್ಧ ಗೂಡಿನ ಹೊತ್ತು

ಶ್ರೀರಂಗಪಟ್ಟಣ ದಾಟಿ ನಾಲೆಯ ಬಯಲಿಗೆ ಇಳಿದರೆ ಕಲ್ಲು ಕಟ್ಟಿದ ಒಂದು ಹಳೆಯ ಬಾವಿ ಸಿಗುತ್ತದೆ. ಗದ್ದೆಗೆ ಕಾಲುವೆ ನೀರು, ಮನೆಗೆ ಬೋರ್‌ವೆಲ್ ಬಂದ ಮೇಲೆ ಅದರಿಂದ ನೀರೆತ್ತುವವರಿಲ್ಲ. ಬಾವಿಯ ಅಂಚಿನ ಈಚಲು ಮರ ನೀರಿನ ಮೇಲಕ್ಕೆ ಬಾಗಿದೆ. ಸ್ವಲ್ಪ ಆಚೆಗೆ ಒಂದು ಹುಣಿಸೆ. ಈಚಲಿನ ಮೂಡಣ ಮಗ್ಗುಲಿನ ಗರಿಗಳ ತುದಿಯಲ್ಲಿ ಗೀಜಗಗಳು ವರ್ಷವರ್ಷವೂ ಗೂಡು ಕಟ್ಟುತ್ತವೆ. ಮುಂಗಾರಿನ ಗಾಳಿ ಬೀಸುವುದು ನೈಋತ್ಯದಿಂದ. ಮೂಡಣಕ್ಕಿರುವ ಗೂಡುಗಳಿಗೆ ಮರದ ತಲೆಯೇ ಮರೆ. ಬೇರೆ ಊರುಗಳಲ್ಲೂ ಗೀಜಗಗಳು ಹೆಚ್ಚಾಗಿ ಈ ದಿಕ್ಕನ್ನೇ ಹಿಡಿಯುತ್ತವೆ.

ನಾನು ಚಿತ್ರ ಬರೆಯುವವನು, ಜಲವರ್ಣ ನನ್ನ ಕಸುಬು. ಆರಿದ್ರೆ ಮಳೆ ಹುಟ್ಟಿದಾಗಿನಿಂದ ಹಸ್ತೆ ಮಳೆ ಮುಗಿಯುವವರೆಗೆ ಬಿಡುವಾದ ಬೆಳಗುಗಳಲ್ಲಿ ಈ ಹುಣಿಸೆಯ ಬುಡದಲ್ಲಿ ಕೂರುತ್ತೇನೆ. ಒಂದು ಪುಸ್ತಕದಲ್ಲಿ ಚಿತ್ರ, ಇನ್ನೊಂದರಲ್ಲಿ ಟಿಪ್ಪಣಿ. ಟಿಪ್ಪಣಿ ಹಕ್ಕಿಯದು. ಆದರೆ ಅದರ ಅಂಚಿನಲ್ಲಿ ನನ್ನ ಕೆಲಸವನ್ನೂ ಗುರುತು ಹಾಕುತ್ತೇನೆ: ಯಾವಾಗ ಕುಂಚ ಹಿಡಿದೆ, ಯಾವಾಗ ಕೆಳಗಿಟ್ಟೆ, ಯಾಕೆ ಇಟ್ಟೆ. ಚಿತ್ರ ಬರೆಯುವವರಿಗೆ ಹಾಜರಿ ಪುಸ್ತಕವಿಲ್ಲ, ರಜೆಯ ಅರ್ಜಿಯೂ ಇಲ್ಲ. ಕೆಲಸ ಎಲ್ಲಿ ನಿಂತಿತು, ಬಿಡುವು ಎಲ್ಲಿ ಶುರುವಾಯಿತು ಎಂದು ಬೇರೆ ಯಾರೂ ಹೇಳಿಕೊಡುವುದಿಲ್ಲ. ಅದನ್ನು ನಾವೇ ಕಂಡುಕೊಳ್ಳಬೇಕು, ಇಲ್ಲವಾದರೆ ಎರಡೂ ಕೆಡುತ್ತವೆ. ಇಲ್ಲಿರುವುದು ಈ ಮಳೆಗಾಲದ ಪುಟಗಳು, ಮಳೆನಕ್ಷತ್ರಗಳ ಹೆಸರಿನಲ್ಲಿ.

ಆರಿದ್ರೆ

ಗಂಡುಗಳು ಬಣ್ಣ ಏರಿಸಿಕೊಂಡಿವೆ. ನೆತ್ತಿ, ಎದೆ ಅಚ್ಚ ಹಳದಿ. ಕಣ್ಣಿನಿಂದ ಗಂಟಲವರೆಗೆ ಕಡುಕಂದು. ಹೆಣ್ಣುಗಳು ಇನ್ನೂ ಮರದ ಹತ್ತಿರ ಸುಳಿದಿಲ್ಲ. ಭತ್ತ ಈಗಿನ್ನೂ ಸಸಿಮಡಿಯಲ್ಲಿದೆ. ಹಾಗಾಗಿ ಹಕ್ಕಿಗಳ ಓಡಾಟವೆಲ್ಲ ಕಬ್ಬಿನ ಗದ್ದೆಗೆ.

ಇವತ್ತು ಒಂದು ಗಂಡು ನನ್ನ ಎದುರಿನ ಕಬ್ಬಿನ ಗರಿಗೇ ಬಂದು ಕೂತಿತು. ಮೊದಲು ಗರಿಯ ಅಂಚಿನಲ್ಲಿ ಕೊಕ್ಕಿನಿಂದ ಒಂದು ಕಚ್ಚು ಹಾಕಿತು. ಆತುರವಿಲ್ಲ. ಕಚ್ಚು ಸಾಲದೆನಿಸಿತೋ ಏನೋ, ಅದೇ ಜಾಗದಲ್ಲಿ ಇನ್ನೊಮ್ಮೆ ಕಡಿಯಿತು. ಎದ್ದ ಎಳೆಯ ತುದಿಯನ್ನು ಕೊಕ್ಕಿನಲ್ಲಿ ಬಿಗಿಹಿಡಿದು ಹಾಗೇ ಹಾರಿತು. ಹಾರಿದ ರಭಸಕ್ಕೆ ಗರಿ ಉದ್ದಕ್ಕೆ ಸೀಳಿ, ಒಂದು ಮೊಳದಷ್ಟು ಹಸಿರು ಎಳೆ ಅದರ ಹಿಂದೆ ತೇಲುತ್ತಾ ಹೋಯಿತು. ಒಂದು ಗೂಡು ಪೂರ್ತಿಯಾಗುವ ಹೊತ್ತಿಗೆ ಗಂಡು ಹೀಗೆ 500 ಸಲದವರೆಗೂ ಹಾರಿ ಬರುತ್ತದಂತೆ. ಸುಮಾರು 18 ದಿನದ ಕೆಲಸ. ಇದನ್ನು ಓದಿ ತಿಳಿದಿದ್ದೆ. ಆದರೆ ಒಂದೇ ಎಳೆಯ ಹಿಂದೆ ಇರುವ ಎಚ್ಚರ ಎಷ್ಟೆಂಬುದು ಕಣ್ಣಾರೆ ಕಂಡಾಗಲೇ ತಿಳಿಯುವುದು.

ಈ ಮರದಲ್ಲಿ ನೇಯ್ಗೆಯ ಭರಾಟೆ ಬೆಳಗ್ಗೆ. ಬಿಸಿಲೇರಿ ನೆರಳು ಮರದ ಬುಡಕ್ಕೆ ಬಂದಾಗ ಗದ್ದಲ ಇಳಿಯುತ್ತದೆ. ಗಂಡುಗಳು ಗರಿಯ ಒಳಮಗ್ಗುಲಿಗೆ ಸರಿದು ರೆಕ್ಕೆ ಪುಕ್ಕ ತೀಡಿಕೊಳ್ಳುತ್ತವೆ, ಕೆಲವು ಸುಮ್ಮನೆ ಕೂರುತ್ತವೆ. ಸಂಜೆಯ ಮುಂಚೆ ಮತ್ತೆ ಒಂದು ಸುತ್ತು ಕೆಲಸ. ನೇಯುವಾಗ ಪುಕ್ಕ ತೀಡುವುದಿಲ್ಲ, ತೀಡುವಾಗ ನೇಯುವುದಿಲ್ಲ.

ಅಂಚಿನ ಗುರುತು: ಪೆನ್ಸಿಲ್ ಮಾತ್ರ. ಬಣ್ಣದ ಡಬ್ಬಿ ತೆರೆಯಲಿಲ್ಲ.

ಪುನರ್ವಸು

ಮೋಡ ಕವಿದ ಬೆಳಗು. ಗಾಳಿಯಲ್ಲಿ ತೇವ ತುಂಬಿದೆ. 300 ಜಿಎಸ್‌ಎಂ ಹತ್ತಿಯ ಕಾಗದದ ಮೇಲೆ ಆಕಾಶದ ವಾಶ್, ಅಂದರೆ ನೀರು ಬೆರೆಸಿದ ತೆಳುಬಣ್ಣದ ಪದರ, ಎಳೆದೆ. ಚೈತ್ರದ ಬಿಸಿಲಿನಲ್ಲಾದರೆ ಮುಂದಿನ ಬಣ್ಣ ಕಲಸಿ ಮುಗಿಸುವಷ್ಟರಲ್ಲಿ ಆರಿರುತ್ತಿತ್ತು. ಇವತ್ತು ಅರ್ಧ ಗಂಟೆಯಾದರೂ ಬೇಕು.

ಜಲವರ್ಣ ಒಣಗುವುದನ್ನು ಹತ್ತಿರದಿಂದ ನೋಡಿದವರಿಗೆ ಅದರ ಹೊತ್ತುಗಳು ಗೊತ್ತು. ಮೊದಲಿಗೆ ಕಾಗದವೆಲ್ಲ ಹೊಳೆಯುತ್ತದೆ, ಓರೆಯಾಗಿ ನೋಡಿದರೆ ಆಕಾಶದ ಬೆಳಕು ಅದರಲ್ಲಿ ಕಾಣುತ್ತದೆ. ಆಮೇಲೆ ಹೊಳಪು ಅಂಚಿನಿಂದ ಒಳಕ್ಕೆ ಸರಿಯುತ್ತಾ ಬರುತ್ತದೆ. ಎಲ್ಲಿ ನೀರು ಹೆಚ್ಚು ನಿಂತಿದೆಯೋ ಅಲ್ಲಿ ಕೊನೆಗೆ ಆರುತ್ತದೆ. ಹೊಳಪು ಸತ್ತು ಮಂಕಾದ ಕೂಡಲೇ ಒಣಗಿತು ಎನ್ನುವಂತಿಲ್ಲ. ಬೆರಳಿನ ಹಿಂಬದಿಯನ್ನು ಮೆಲ್ಲಗೆ ತಾಗಿಸಿದರೆ ಕಾಗದ ತಣ್ಣಗಿರುತ್ತದೆ. ತಣ್ಣಗಿದ್ದರೆ ಒಳಗೆ ನೀರಿದೆ. ಕುಂಚ ತಾಗಿಸಲೇಬಾರದ ಗಳಿಗೆ ಹೊಳಪು ಸಾಯುತ್ತಿರುವ ಈ ನಡುವಿನ ಗಳಿಗೆ. ಕುಂಚದ ನೀರು ಕಾಗದದ ನೀರಿಗಿಂತ ಹೆಚ್ಚಿದ್ದರೆ ಹೊಸ ನೀರು ಹಳೆಯ ಬಣ್ಣವನ್ನು ತಳ್ಳಿಕೊಂಡು ಹೋಗಿ ಹಲ್ಲುಹಲ್ಲಾದ ಒಂದು ಗೆರೆ ಬಿಡುತ್ತದೆ. ಅದನ್ನು ಆಮೇಲೆ ಅಳಿಸಲು ಬರುವುದಿಲ್ಲ. ಇನ್ನೂ ಒಂದು ಮಾತಿದೆ. ಹಸಿಯಿದ್ದಾಗ ಕಂಡ ಬಣ್ಣ ಒಣಗಿದ ಮೇಲೆ ತಿಳಿಯಾಗುತ್ತದೆ. ಒಣಗುವ ಮೊದಲೇ ಚಿತ್ರದ ಬಗ್ಗೆ ತೀರ್ಮಾನ ಮಾಡುವವರು ಇಲ್ಲದ ಬಣ್ಣವನ್ನು ನೋಡಿ ತೀರ್ಮಾನ ಮಾಡಿದಂತೆ.

ನಾನು ಕೈ ಕಟ್ಟಿ ಕೂತಿದ್ದಾಗ ಗದ್ದೆಯ ಯಜಮಾನರು ಗುದ್ದಲಿ ಹೆಗಲಿಗೇರಿಸಿ ಬಂದರು. ಪುಸ್ತಕ ಹಿಡಿದು ಕೂತವರೆಲ್ಲ ಅವರಿಗೆ ಮೇಷ್ಟ್ರು.

"ಏನ್ ಮೇಷ್ಟ್ರೇ, ಇವತ್ತು ಬರಿಯಾಕಿಲ್ವಾ? ಸುಮ್ಕೆ ಕೂತ್ಬುಟ್ಟಿದ್ದೀರಿ."

"ಬಣ್ಣ ಆರಬೇಕು ಗೌಡ್ರೇ. ನೋಡ್ತಾ ಕೂತಿದೀನಿ."

"ಅದ್ಸರಿ. ನಾನೂ ಅಷ್ಟೇಯ. ಮಡಿಗೆ ನೀರ್ ಬುಟ್ಟು ಬದಿನ್ ಮ್ಯಾಲೆ ಕೂತ್ಕತೀನಿ. ದಾರೀಲ್ ಹೋಗೋರು ಕುಂತವ್ನೆ ಅಂತಾರೆ. ಎಲ್ಲಿ ತುಂಬ್ತು, ಎಲ್ಲಿ ಒಡೀತದೆ ಅಂತ ಕಣ್ ಅಲ್ಲೇ ಇರ್ತದೆ. ಅದು ಕೆಲ್ಸ. ಮನೀಗ್ ಹೋಗಿ ಉಂಡ್ ಮಲಗ್ತೀನಲ್ಲ, ಅದು ಬ್ಯಾರೆ."

ಅವರು ಹೇಳಿದ್ದನ್ನು ಅಂಚಿನಲ್ಲಿ ಹಾಗೇ ಬರೆದುಕೊಂಡೆ. ವಾಶ್ ಆರುವ ಹೊತ್ತು ಬದುವಿನ ಮೇಲೆ ಕೂತ ಹೊತ್ತು. ಅದನ್ನು ಬಿಡುವಿನ ಲೆಕ್ಕಕ್ಕೆ ಸೇರಿಸಬಾರದು. ಕೈ ನಿಂತಿದ್ದರೂ ಕಣ್ಣು ದುಡಿಯುತ್ತಿರುತ್ತದೆ. ಬಣ್ಣ ಎಲ್ಲಿ ಇಳಿಯಿತು, ಮೋಡದ ಅಡಿಗೆ ನೇರಳೆ ಬೇಕೇ, ಬೂದು ಸಾಕೇ ಎಂದು ಮನಸ್ಸು ತೂಗುತ್ತಿರುತ್ತದೆ. ಎಷ್ಟೋ ಗೆಳೆಯರು ಈ ಹೊತ್ತಿನಲ್ಲಿ ಮೊಬೈಲ್ ತೆಗೆಯುತ್ತಾರೆ. ಅದರ ಉರಿಬಣ್ಣಗಳಿಂದ ಕಣ್ಣೆತ್ತಿ ಮತ್ತೆ ಕಾಗದಕ್ಕೆ ಬಂದಾಗ ಆ ನವಿರಾದ ಬೂದು ಕಾಣುವುದೇ ಇಲ್ಲ. ಹಾಗೆ ಕಳೆದ ಅರ್ಧ ಗಂಟೆ ಕೆಲಸವೂ ಆಗಲಿಲ್ಲ, ವಿಶ್ರಾಂತಿಯೂ ಆಗಲಿಲ್ಲ. ಇದು ನನಗೆ ನಿಜಕ್ಕೂ ಸಂಕಟದ ವಿಷಯ. ಇಷ್ಟು ಒಳ್ಳೆಯ ಕಣ್ಣುಗಳು ಇಷ್ಟು ಅಗ್ಗಕ್ಕೆ ಸವೆಯುತ್ತಿವೆ.

ಪುಷ್ಯ

ನಾಟಿ ಶುರುವಾಗಿದೆ. ಈಚಲಿನಲ್ಲಿ ಏಳೆಂಟು ಗೂಡುಗಳು ಒಂದೇ ಹಂತಕ್ಕೆ ಬಂದು ನಿಂತಿವೆ.

ಈ ಹಂತಕ್ಕೆ ಪಕ್ಷಿ ನೋಡುವವರು ಹೆಲ್ಮೆಟ್ ಎನ್ನುತ್ತಾರೆ. ಗರಿಯ ತುದಿಗೆ ಗಂಟು ಹಾಕಿ, ಅದರಿಂದ ಒಂದು ಬಳೆ ಇಳಿಸಿ, ಬಳೆಯ ಮೇಲೆ ಸೂರು ನೇಯ್ದಾಗಿದೆ. ಕೆಳಗೆ ಬಾಯಿ ತೆರೆದೇ ಇದೆ, ನಡುವೆ ಒಂದು ಅಡ್ಡಪಟ್ಟಿ. ಮುಂದೆ ಪಟ್ಟಿಯ ಒಂದು ಮಗ್ಗುಲು ಮೊಟ್ಟೆಯ ಕೋಣೆಯಾಗಬೇಕು, ಇನ್ನೊಂದು ಮಗ್ಗುಲಿನಿಂದ ಉದ್ದನೆಯ ಕೊಳವೆ ಇಳಿಯಬೇಕು. ಇಲ್ಲಿಗೆ ಬರಲು ಸುಮಾರು 8 ದಿನ. ಇಲ್ಲಿಗೆ ಬಂದ ಗಂಡು ನೇಯುವುದನ್ನು ನಿಲ್ಲಿಸಿಬಿಡುತ್ತದೆ. ಹುಲ್ಲಿಗೆ ಬರವಿಲ್ಲ, ಮೈಯಲ್ಲಿ ಕಸುವಿಲ್ಲದೆಯೂ ಅಲ್ಲ. ಹೆಣ್ಣು ಬಂದು ನೋಡಲಿ ಎಂದು ನಿಲ್ಲಿಸುತ್ತದೆ.

ಹೆಣ್ಣುಗಳು ಗುಂಪಾಗಿ ಬಂದಾಗ ಮರವೆಲ್ಲ ಕಿಚಕಿಚ. ಗಂಡುಗಳು ತಂತಮ್ಮ ಅರ್ಧ ಗೂಡಿಗೆ ಜೋತುಬಿದ್ದು ರೆಕ್ಕೆ ಬಡಿಯುತ್ತಾ ಕೂಗುತ್ತವೆ. ಒಂದು ಹೆಣ್ಣು ಬಾವಿಯ ಕಡೆಯ ಗೂಡಿಗೆ ಹೋಯಿತು. ಅಡ್ಡಪಟ್ಟಿಯ ಮೇಲೆ ಕೂತು ಒಳಗಿನ ಹೆಣಿಗೆಯನ್ನು ಕೊಕ್ಕಿನಿಂದ ಜಗ್ಗಿ ನೋಡಿತು. ಆ ಕಡೆ ತಿರುಗಿತು, ಮತ್ತೆ ಜಗ್ಗಿತು. ಹೊರಟು ಪಕ್ಕದ ಗೂಡಿಗೆ ಹೋಯಿತು. ಒಪ್ಪಿದರೆ ಗಂಡು ಉಳಿದದ್ದನ್ನು ಪೂರ್ತಿ ಮಾಡುತ್ತದೆ. ಒಪ್ಪದಿದ್ದರೆ ಆ ಅರ್ಧ ಅಲ್ಲೇ ತೂಗುತ್ತಾ ಉಳಿಯುತ್ತದೆ.

ಇದನ್ನು ನಮ್ಮ ದೇಶದಲ್ಲಿ ಮೊದಲು ಬಿಡಿಸಿ ಹೇಳಿದವರು ಪಕ್ಷಿತಜ್ಞ ಸಲೀಂ ಅಲಿ. ಮುಂಬೈಯ ಮ್ಯೂಸಿಯಂ ಕೆಲಸ ಹೋಗಿ, ಬೇರೆ ಕೆಲಸ ಸಿಗದೆ, 1930ರ ಸುಮಾರಿಗೆ ಅಲಿಬಾಗದ ಹತ್ತಿರದ ಕಿಹೀಮ್ ಎಂಬ ಕಡಲೂರಿನಲ್ಲಿ ಹೆಂಡತಿಯೊಂದಿಗೆ ಉಳಿದಿದ್ದರು. ಅಲ್ಲಿ ಹತ್ತಿರದ ಮರದಲ್ಲೇ ಗೀಜಗಗಳ ಸಂಸಾರ. ಆ ಮಳೆಗಾಲವಿಡೀ ಅವುಗಳ ಎದುರು ಕೂತರು. ಗಂಡು ಅರ್ಧ ಕಟ್ಟಿ ನಿಲ್ಲಿಸುವುದು, ಹೆಣ್ಣು ಬಂದು ಆರಿಸುವುದು, ಒಂದು ಹೆಣ್ಣು ನೆಲೆಯಾದ ಮೇಲೆ ಅದೇ ಗಂಡು ಇನ್ನೊಂದು ಗೂಡಿಗೆ ಎಳೆ ಹೆಕ್ಕುವುದು ಎಲ್ಲ ದಾಖಲಾದದ್ದು ಆಗಲೇ. ಲೋಕದ ಲೆಕ್ಕದಲ್ಲಿ ಅವರು ಆಗ ನಿರುದ್ಯೋಗಿ. ನನಗೆ ಅವರ ಬದುಕಿನ ಪುಟಗಳಲ್ಲಿ ಅತ್ಯಂತ ಹತ್ತಿರವಾದದ್ದು ಆ ಮಳೆಗಾಲ.

ಅರ್ಧದಲ್ಲಿ ನಿಲ್ಲಿಸುವುದು ಚಿತ್ರಕಾರರಿಗೂ ಬೇಕು, ಅದೂ ಕೈ ಓಡುತ್ತಿರುವಾಗಲೇ ಬೇಕು. ಹಾಳೆಯ ದೊಡ್ಡ ಆಕಾರಗಳು ಕೂತಿವೆ, ನೆರಳಿನ ದಿಕ್ಕು ನಿಂತಿದೆ, ಇನ್ನು ಎಲೆ ಗರಿ ಬಿಡಿಸುವುದಷ್ಟೇ ಬಾಕಿ ಎನ್ನುವ ಹೊತ್ತು ಬಲು ಆಸೆ ಹುಟ್ಟಿಸುವಂಥದು. ಆ ಹೊತ್ತಿನಲ್ಲೇ ಹಾಳೆ ಕಟ್ಟಿ ಮನೆಗೆ ತರುತ್ತೇನೆ. ಅಡುಗೆಮನೆಗೆ ಹೋಗುವ ದಾರಿಯ ಗೋಡೆಗೆ ಪಿನ್ ಹಾಕಿ ನಿಲ್ಲಿಸುತ್ತೇನೆ. ಕಾಫಿಗೆ, ನೀರಿಗೆ, ಉಪ್ಪಿನ ಡಬ್ಬಿಗೆ ಎಂದು ಓಡಾಡುವಾಗೆಲ್ಲ ಅದು ಕಣ್ಣಂಚಿಗೆ ಬೀಳುತ್ತದೆ. ಎದುರಿಗೆ ಕನ್ನಡಿ ಹಿಡಿದು ನೋಡುವುದೂ ಉಂಟು. ಎಡ ಬಲ ಅದಲುಬದಲಾದಾಗ ಯಾವ ಮಗ್ಗುಲು ಭಾರ, ಯಾವ ಗೆರೆ ಸೊಟ್ಟ ಎನ್ನುವುದು ಒಮ್ಮೆಗೇ ಗೊತ್ತಾಗುತ್ತದೆ. ಕೆಲವು ಹಾಳೆಗಳು ಒಪ್ಪಿಗೆಯಾಗುತ್ತವೆ, ಮುಂದುವರಿಯುತ್ತವೆ. ಕೆಲವು ಅರ್ಧದಲ್ಲೇ ಇರುತ್ತವೆ. ಅವುಗಳ ಮೇಲೆ ನನಗೆ ಮುನಿಸಿಲ್ಲ. ಈ ಈಚಲಿನಲ್ಲಿ ಒಪ್ಪಿಗೆಯಾಗದ ಗೂಡಿನ ಗಂಡು ಅಲ್ಲೇ ಪಕ್ಕದ ಗರಿಗೆ ಹೊಸ ಗಂಟು ಹಾಕುತ್ತಿದೆ.

ಗೂಡಿನ ಒಳಗೋಡೆಗೆ ಗಂಡುಗಳು ಹಸಿಮಣ್ಣಿನ ಉಂಡೆ ಮೆತ್ತುತ್ತಿವೆ. ಅದಕ್ಕೆ ಮಿಣುಕುಹುಳ ಅಂಟಿಸಿ ರಾತ್ರಿ ದೀಪ ಮಾಡಿಕೊಳ್ಳುತ್ತವೆ ಎಂಬ ಮಾತು ನಾಡಿನುದ್ದಕ್ಕೂ ಇದೆ. ಗಾಳಿಗೆ ಗೂಡು ಹೊಯ್ದಾಡದಿರಲಿ ಎಂದು ಇಡುವ ಭಾರ ಅದು ಎಂದು ಪಕ್ಷಿ ಬಲ್ಲವರ ವಿವರಣೆ.

ಆಶ್ಲೇಷ

ಬಯಲೆಲ್ಲ ಹಸಿರು. ನಾಟಿಯಾದ ಗದ್ದೆಯ ಹಳದಿ ಬೆರೆತ ಹಸಿರು, ಕಬ್ಬಿನ ನೀಲಿ ಬೆರೆತ ಹಸಿರು, ಹುಣಿಸೆಯ ಬೂದು ಹಸಿರು.

ಹಸಿರಿನ ಎದುರು ಬಹಳ ಹೊತ್ತು ಕೂತರೆ ಏನಾಗುತ್ತದೆ ಎಂದು ಇವತ್ತು ಗಮನವಿಟ್ಟು ನೋಡಿದೆ. ಗದ್ದೆಯ ಒಂದೇ ಜಾಗವನ್ನು ದಿಟ್ಟಿಸಿ ತಟ್ಟನೆ ಬಿಳಿ ಹಾಳೆಗೆ ಕಣ್ಣು ಹಾಯಿಸಿದರೆ ಹಾಳೆಯ ಮೇಲೆ ನಸುಗೆಂಪು ಛಾಯೆ. ಒಂದಷ್ಟು ಹೊತ್ತು ತೇಲಿ ಆಮೇಲೆ ಕರಗುತ್ತದೆ. ಕಣ್ಣಿನ ಒಳಪರದೆಯಲ್ಲಿ ಹಸಿರನ್ನು ಗ್ರಹಿಸುವ ಕೋಶಗಳು ದಣಿದಾಗ ಬಿಳಿಯಲ್ಲಿರುವ ಹಸಿರಿನ ಪಾಲು ಮಂಕಾಗಿ ಅದರ ಎದುರು ಬಣ್ಣ ಮೇಲೇಳುತ್ತದೆ. ಆ ಛಾಯೆ ಇರುವಾಗ ಹಾಳೆಗೆ ಇಟ್ಟ ಮೊದಲ ಬಣ್ಣ ನಂಬಿಕೆಗೆ ಅರ್ಹವಲ್ಲ. ಬಿಸಿಲಿನದು ಬೇರೆಯೇ ತೊಂದರೆ. ಬಿಸಿಲು ನೇರ ಬಿದ್ದ ಹಾಳೆ ಕಣ್ಣಿಗೆ ಹೊಡೆಯುತ್ತದೆ. ಆ ಬೆಳಕಿಗೆ ಸರಿದೂಗಿಸಿ ಬರೆದ ಚಿತ್ರ ಮನೆಯೊಳಗೆ ತಂದಾಗ ಕಪ್ಪಿಟ್ಟಂತೆ ಕಾಣುತ್ತದೆ. ಹುಣಿಸೆಯ ನೆರಳನ್ನು ಆರಿಸಿಕೊಂಡದ್ದು ಅದಕ್ಕೇ.

ಹಾಗಾಗಿ ಆಗಾಗ ಬಾವಿಯ ಕಲ್ಲುಗಳ ಕಡೆ ತಿರುಗಿ ಕೂರುತ್ತೇನೆ. ಹಳೆಯ ಕಲ್ಲಿನ ಬೂದು ಕಣ್ಣಿಗೆ ಏನನ್ನೂ ಕೇಳುವುದಿಲ್ಲ. ಆಮೇಲೆ ಅಂಗೈಗಳಿಂದ ಕಣ್ಣು ಮುಚ್ಚಿ ಕತ್ತಲು ಮಾಡಿಕೊಳ್ಳುತ್ತೇನೆ. ಈ ಹೊತ್ತಿನಲ್ಲಿ ಚಿತ್ರದ ಯೋಚನೆಯನ್ನೂ ಬಿಡಬೇಕು. ಹಕ್ಕಿಗಳ ಸದ್ದು ಮಾತ್ರ ಇರಲಿ. ಗೌಡರು "ಅದು ಬ್ಯಾರೆ" ಎಂದದ್ದು ಇದನ್ನೇ.

ವೆಂಕಟಪ್ಪನವರ ನೆನಪಾಯಿತು. ಮೈಸೂರು ಅರಮನೆಯ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಬಳಿ ಕಲಿತ ಕೆ. ವೆಂಕಟಪ್ಪ (1886–1965) ಊಟಿ, ಕೊಡೈಕೆನಾಲ್‌ಗಳ ಬೆಟ್ಟ, ಮಂಜು, ಕವಿದ ಮೋಡಗಳನ್ನು ಜಲವರ್ಣದಲ್ಲಿ ಬರೆದವರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನದೇ ಚಿತ್ರಶಾಲೆಯಿದೆ. ಅದೇ ವೆಂಕಟಪ್ಪನವರು ವೀಣೆ ಶೇಷಣ್ಣನವರ ಬಳಿ ವೀಣೆ ಕಲಿತರು, ಕಾಲಕ್ಷೇಪಕ್ಕಲ್ಲ, ಚಿತ್ರದಷ್ಟೇ ಕಠಿಣವಾದ ಸಾಧನೆಯಾಗಿ. ಆದರೂ ವೀಣೆ ಹಿಡಿದಷ್ಟು ಹೊತ್ತು ಕಣ್ಣು ಬಣ್ಣದಿಂದ ಬಿಡುಗಡೆ ಪಡೆದಿರುತ್ತದೆ. ಅವರ ಮಂಜಿನ ನವಿರು ಅಷ್ಟು ದಣಿವರಿಯದೆ ಉಳಿದದ್ದರಲ್ಲಿ ಆ ನಾದದ ಪಾಲೂ ಇದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಸಂಜೆ ಹುಣಿಸೆಯ ಎಲೆಗಳು ಜೋಡಿಜೋಡಿಯಾಗಿ ಮಡಿಚಿಕೊಂಡವು. ನೆರಳಿನ ಅಂಚೆಲ್ಲ ಬದಲಾಯಿತು. ಅಷ್ಟರಲ್ಲಿ ಡಬ್ಬಿ ಮುಚ್ಚಿದ್ದೆ.

ಮಘೆ

ಆರು ಗೂಡುಗಳಿಗೆ ಕೊಳವೆ ಇಳಿದಿದೆ. ಒಳಗೆ ಹೆಣ್ಣುಗಳು ಕಾವಿಗೆ ಕೂತಿರಬೇಕು. ಎರಡರಿಂದ ನಾಲ್ಕು ಬಿಳಿ ಮೊಟ್ಟೆ, ಕಾವು ಎರಡು ವಾರಕ್ಕೆ ತುಸು ಹೆಚ್ಚು. ಕಾಗೆಯೊಂದು ಸುತ್ತ ಹಾರಿತು. ಕೊಳವೆಯ ಬಾಯಿಗೆ ಹಿಡಿತ ಸಿಗದೆ ಹೋಯಿತು.

ಹುಬ್ಬೆ

ಮಳೆ. ಹೋಗಲಿಲ್ಲ. ಮಧ್ಯಾಹ್ನ ಚೆನ್ನಾಗಿ ನಿದ್ದೆ ಬಂತು.

ಹಸ್ತೆ

ಮರಿಗಳು ಹಾರಿಹೋಗಿವೆ. ಗೂಡುಗಳ ಬಣ್ಣವನ್ನೇ ಇವತ್ತು ಬರೆದೆ. ಹೊಸ ಎಳೆಯ ಗೂಡು ಹಸಿರು. ಅದು ದಿನ ಕಳೆದಂತೆ ಪಾಚಿಬಣ್ಣ, ಆಮೇಲೆ ಒಣಹುಲ್ಲಿನ ಹಳದಿ, ಕೊನೆಗೆ ಮಳೆಗೆ ನೆಂದು ಬೂದುಗಂದು. ಒಂದೇ ಗೂಡಿನಲ್ಲೂ ಸೂರು ಕಂದಾಗಿದ್ದು ಕೊಳವೆಯ ತುದಿ ಇನ್ನೂ ಹಸಿರು ಹಳದಿ. ಎರಡರ ನಡುವೆ ಬಣ್ಣ ಒಮ್ಮೆಲೇ ಬದಲಾಗುವ ಒಂದು ಗೆರೆ ಕಾಣುತ್ತದೆ. ಗಂಡು ಕೈಬಿಟ್ಟು ಕಾದ ದಿನಗಳು ಅಲ್ಲಿ ಗುರುತಾಗಿವೆ. ಆ ಗೆರೆಯನ್ನು ಹಾಳೆಯಲ್ಲಿ ಹಿಡಿಯಲು ಎರಡು ವಾಶ್ ಬೇಕಾಯಿತು, ನಡುವೆ ಪೂರ್ತಿ ಒಣಗಿಸಿ.

ಗಂಡುಗಳ ಹಳದಿಯೂ ಇಳಿಯುತ್ತಿದೆ. ನೆತ್ತಿಯಲ್ಲಿ ಕಂದು ಗರಿ ಮೂಡಿ ಮುಖದ ಕಡುಕಂದು ಅಳಿಸುತ್ತಿದೆ. ಇನ್ನು ಕೆಲವು ವಾರದಲ್ಲಿ ಗಂಡು ಯಾವುದು, ಹೆಣ್ಣು ಯಾವುದು, ಹೆಣ್ಣು ಗುಬ್ಬಿ ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಮುಂದಿನ ಮುಂಗಾರಿನವರೆಗೂ ಅವು ಗೂಡಿಗೆ ಎಳೆ ಹೆಕ್ಕುವುದಿಲ್ಲ. ಗುಂಪಾಗಿ ಕೊಯ್ಲಿನ ಗದ್ದೆಗಳಲ್ಲಿ ಕಾಳು ತಿಂದು, ರಾತ್ರಿ ಜೊಂಡಿನಲ್ಲಿ ಒಟ್ಟಿಗೆ ತಂಗುತ್ತವೆ. ಎರಡು ಖಾಲಿ ಗೂಡುಗಳಿಗೆ ಆಗಲೇ ಬಿಳಿಗಂಟಲಿನ ಮುನಿಯಗಳು ಹೋಗಿಬರುತ್ತಿವೆ.

ಗೌಡರು ಪೊರಕೆಗೆ ಈಚಲ ಗರಿ ಕೊಯ್ಯಲು ಕುಡುಗೋಲು ತಂದಿದ್ದರು. ಮುನಿಯಗಳ ವಿಷಯ ಹೇಳಿದೆ. "ಅದಕ್ಕೇನಂತೆ, ಗೂಡಿಲ್ದಿರೋ ಗರಿ ಬೇಕಾದಷ್ಟಿದೆ" ಎಂದು ಬೇರೆ ಗರಿಗಳನ್ನಷ್ಟೇ ಇಳಿಸಿಕೊಂಡು ಹೋದರು.

ಚಿತ್ರಕಾರರಿಗೆ ದಿನದ ಬಿಡುವು ಮಾತ್ರ ಸಾಲದು, ವರ್ಷದಲ್ಲಿ ಗೀಜಗಗಳಿಗಿರುವಂಥ, ಎಳೆ ಹೆಕ್ಕದ ಒಂದು ಋತುವೂ ಬೇಕು. 1910ರಲ್ಲಿ ಹುಟ್ಟಿದ ರುಮಾಲೆ ಚನ್ನಬಸವಯ್ಯನವರು ಸ್ವಾತಂತ್ರ್ಯ ಹೋರಾಟ, ಪತ್ರಿಕೆ, ರಾಜಕಾರಣ ಎಂದು ಬಹಳ ವರ್ಷ ಕುಂಚದಿಂದ ದೂರವಿದ್ದು 1960ರ ದಶಕದಲ್ಲಿ ಮತ್ತೆ ಅದನ್ನು ಹಿಡಿದರು. ಬೆಂಗಳೂರಿನ ಹೂಬಿಟ್ಟ ಮರಗಳ ಆ ಬೆಳಗುವ ಚಿತ್ರಗಳೆಲ್ಲ ಆಮೇಲಿನವು. ಅಷ್ಟು ದೀರ್ಘವಾದ ಬಿಡುವು ಎಲ್ಲರಿಗೂ ಒದಗುವುದಿಲ್ಲ, ಬೇಕಾಗಿಯೂ ಇಲ್ಲ. ನನಗೆ ಕಾರ್ತಿಕ, ಮಾರ್ಗಶಿರ ಸಾಕು. ಆ ಎರಡು ತಿಂಗಳು ಬಣ್ಣದ ಡಬ್ಬಿ ಅಟ್ಟಕ್ಕೆ ಹೋಗುತ್ತದೆ. ಕುಂಚಗಳನ್ನು ಸೋಪಿನಿಂದ ತೊಳೆದು, ತುದಿ ನೇರ ಮಾಡಿ, ಮಲಗಿಸಿ ಒಣಗಿಸುತ್ತೇನೆ. ಮಳೆಗಾಲದ ತೇವ ಹಿಡಿದ ಕಾಗದಗಳನ್ನು ಬಿಸಿಲು ತಾಗದ ಗಾಳಿಯಲ್ಲಿ ಹರಡುತ್ತೇನೆ. ಮೊದಮೊದಲು ಕೈಗೆ ಚಡಪಡಿಕೆ. ಟಿಪ್ಪಣಿ ಪುಸ್ತಕವನ್ನೂ ಆಗ ಮುಟ್ಟುವುದಿಲ್ಲ.

ಮತ್ತೆ ಶುರು ಮಾಡುವಾಗ ನೇರವಾಗಿ ಬಣ್ಣಕ್ಕೆ ಇಳಿಯದೆ ಕಪ್ಪಿನಿಂದ ಹೊರಡುತ್ತೇನೆ. ಮೈಸೂರು ಸಂಪ್ರದಾಯದ ಚಿತ್ರಗಾರರು ಕರಡು ಗೆರೆಗೆ ಹುಣಿಸೆ ಕಡ್ಡಿ ಸುಟ್ಟ ಇದ್ದಿಲನ್ನೇ ಬಳಸುತ್ತಿದ್ದರು. ಇವತ್ತು ಬರುವಾಗ ಈ ಹುಣಿಸೆಯಡಿ ಬಿದ್ದಿದ್ದ ಕಡ್ಡಿಗಳನ್ನು ಆರಿಸಿ ತಂದಿದ್ದೇನೆ, ಸೀಸದಕಡ್ಡಿ ಗಾತ್ರದವು, ಗಂಟಿಲ್ಲದವು. ಸಿಪ್ಪೆ ಕೆರೆದು, ಒಣಗಿಸಿ, ತಗಡಿನ ಡಬ್ಬಿಯಲ್ಲಿ ಗಾಳಿಯಾಡದಂತೆ ತುಂಬಿ ಕೆಂಡದಲ್ಲಿ ಹೂತಿಡಬೇಕು. ಡಬ್ಬಿ ಪೂರ್ತಿ ತಣ್ಣಗಾಗುವ ಮೊದಲು ತೆರೆದರೆ ಗಾಳಿ ತಾಗಿ ಒಳಗಿನದೆಲ್ಲ ಬೂದಿಯಾಗುತ್ತದೆ. ದೀಪಾವಳಿಗೆ ಹಂಡೆ ಒಲೆ ಹೊತ್ತಿಸಿದಾಗ ಈ ಕೆಲಸ. ಕಡ್ಡಿ ಹಿಡಿದು ಮೊದಲ ಗೆರೆ ಎಳೆಯುವುದು ಸಂಕ್ರಾಂತಿ ಕಳೆದ ಮೇಲೆ.